ಅಶ್ವಶಕ್ತಿಯೂ ಕಾರಿನ ಯೋಗ್ಯತೆಯೂ

ಮಾವಿನ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಯಲ್ದೂರಿನಲ್ಲಿ ನನ್ನ ಪರಿಚಿತರೊಬ್ಬರು ಮನೆಗೆ ಬಂದರು. ಮಂಡಿಯ ವ್ಯಾಪಾರದಲ್ಲಿ ಮೂವತ್ತು ವರ್ಷ ಸವೆಸಿದವರು. ಯಾವ ವಾರ ಯಾವ ಪೇಟೆಗೆ ಕಾಯಿ ಕಳುಹಿಸಿದರೆ ಎಷ್ಟು ಬೆಲೆ ಬಂದೀತೆಂಬುದನ್ನು ಮರದಲ್ಲಿ ಮಿಡಿ ಇರುವಾಗಲೇ ಹೇಳಬಲ್ಲವರು. ಅವರ ಕೈಯಲ್ಲಿ ನುಣುಪು ಕಾಗದದ ಎರಡು ಪುಸ್ತಿಕೆಗಳಿದ್ದುವು. ಒಂದು, ನಮ್ಮ ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟಾ ಕ್ಯಾಮ್ರಿ ಕಾರಿನದು. ಇನ್ನೊಂದು, ಚೆನ್ನೈಯ ಬಳಿ ಜೋಡಣೆಯಾಗುವ ಬಿ.ಎಂ.ಡಬ್ಲ್ಯು. 330 ಎಂಬ ಜರ್ಮನ್ ಕಾರಿನದು.

"ಮೇಷ್ಟ್ರೇ, ಇದರಲ್ಲಿ 258 ಕುದುರೆಯಂತೆ, ಅದರಲ್ಲಿ 230 ಅಂತೆ. ದುಡ್ಡು ಕೊಡೋದೇ ಆದರೆ ಹೆಚ್ಚು ಕುದುರೆ ಇರೋದನ್ನೇ ತಗೊಳ್ಳೋದು ಸರಿ ಅಲ್ಲವಾ? ನೀವು ಫಿಸಿಕ್ಸು ಓದಿದವರು, ನೋಡಿ ಹೇಳಿ" ಎಂದರು.

ನಾನು ಒಡನೆ ಉತ್ತರ ಕೊಡಲಿಲ್ಲ. ಇದೇ ಮಹನೀಯರು ಒಮ್ಮೆ ತಮ್ಮ ನೆರೆಯ ತೋಟದವರಿಗೆ ಬುದ್ಧಿ ಹೇಳುತ್ತಿದ್ದುದು ನೆನಪಿಗೆ ಬಂದಿತು. ಆ ನೆರೆಯವರ ಬೋರಿನಲ್ಲಿ ನೀರು ಕಡಮೆಯಾಗಿತ್ತು. ಅವರು ಇದ್ದ ಮೋಟಾರನ್ನು ಎತ್ತಿಸಿ ಅದಕ್ಕಿಂತ ದೊಡ್ಡದೊಂದನ್ನು ಇಳಿಸಲು ಹೊರಟಿದ್ದರು. "ನೀರು ಇರೋದು ಭೂಮೀಲಿ, ಎಚ್.ಪಿ.ಲಿ ಅಲ್ಲ" ಎಂದು ಇವರು ಹೇಳಿದ್ದರು. ಅದಕ್ಕಿಂತ ಸರಿಯಾದ ಮಾತನ್ನು ನಾನು ತರಗತಿಯಲ್ಲಿಯೂ ಹೇಳಲಾರೆ. ಸಾವಿರ ಅಡಿಯ ಆಳದಿಂದ ಸೆಕೆಂಡಿಗೆ ಒಂದು ಲೀಟರು ನೀರನ್ನು ಮೇಲೆತ್ತಲು ಸುಮಾರು 3 ಕಿಲೋವ್ಯಾಟು, ಎಂದರೆ 4 ಅಶ್ವಶಕ್ತಿ ಬೇಕು. ಪಂಪಿನಲ್ಲಿ ಅರ್ಧ ನಷ್ಟವಾಗುವುದೆಂದು ಹಿಡಿದರೆ 8 ಬೇಕು. ಬಾವಿಗೆ ಅಷ್ಟೇ ನೀರು ಒಸರುತ್ತಿದ್ದರೆ 20 ಅಶ್ವಶಕ್ತಿಯ ಮೋಟಾರು ಇಳಿಸಿಯೂ ಬರುವುದು ಅಷ್ಟೇ ನೀರು. ಕೋಲಾರ ಜಿಲ್ಲೆಯ ರೈತರಿಗೆ ಇದು ಅನುಭವದಿಂದ ಬಂದ ಜ್ಞಾನ. ಆದರೆ ಅದೇ ರೈತರು, ಅದೇ ವ್ಯಾಪಾರಿಗಳು, ಮೋಟಾರು ಕಾರಿನ ಅಂಗಡಿಗೆ ಕಾಲಿಟ್ಟೊಡನೆ ಈ ಜ್ಞಾನವನ್ನು ಹೊರಗೆ ಚಪ್ಪಲಿಯೊಡನೆ ಬಿಟ್ಟು ಹೋಗುತ್ತಾರೆ. ಅವರಿಗೆ ಸಿಗುವ ಪುಸ್ತಿಕೆಗಳೂ ಇದಕ್ಕೆ ಕಾರಣ. ಅಶ್ವಶಕ್ತಿ ಎಷ್ಟು, ಸೊನ್ನೆಯಿಂದ 100 ಕಿಲೋಮೀಟರು ವೇಗಕ್ಕೆ ಏರಲು ಎಷ್ಟು ಸೆಕೆಂಡು, ಎಂಬ ಎರಡು ಅಂಕಿಗಳನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿ ಉಳಿದುದನ್ನು ಸಣ್ಣಕ್ಷರಕ್ಕೆ ತಳ್ಳುವುದು ಎಲ್ಲ ಕಂಪನಿಗಳ ವಾಡಿಕೆ. ನಮ್ಮ ರಸ್ತೆಗಳಲ್ಲಿ ಓಡುವ ಕಾರಿಗೆ ಈ ಎರಡು ಅಂಕಿಗಳು ತೀರ ಕಡಮೆ ಅರ್ಥದವು ಎಂಬುದು ನನ್ನ ಅಭಿಪ್ರಾಯ.

ಅಶ್ವಶಕ್ತಿ ಎಂಬುದು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಜೇಮ್ಸ್ ವ್ಯಾಟನು ತನ್ನ ಉಗಿಯಂತ್ರಗಳನ್ನು ಮಾರಲು ಹೂಡಿದ ಅಳತೆ. ಯಂತ್ರವನ್ನು ಕೊಂಡರೆ ಎಷ್ಟು ಕುದುರೆಗಳನ್ನು ಲಾಯದಿಂದ ಬಿಡಬಹುದೆಂದು ಗಿರಾಕಿಗೆ ತಿಳಿಯಬೇಕಾಗಿತ್ತು. ಅಲ್ಲಿಯೂ ಗಿರಾಕಿಗೆ ಬೇಕಾಗಿದ್ದುದು ತನ್ನ ಕೆಲಸಕ್ಕೆ ಎಷ್ಟು ಕುದುರೆ ಸಾಕು ಎಂಬ ಲೆಕ್ಕ. ಆ ಲೆಕ್ಕವನ್ನೇ ನಾವು ಕಾರಿಗೆ ಮಾಡೋಣ.

ಜನರೂ ಸಾಮಾನೂ ಸೇರಿ 1900 ಕಿಲೋಗ್ರಾಂ ತೂಗುವ, ಈ ಎರಡರಂಥ ಒಂದು ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಓಡುತ್ತಿದೆಯೆಂದು ಇಟ್ಟುಕೊಳ್ಳಿ. ಅದನ್ನು ತಡೆಯುವುದು ಎರಡು ಬಲಗಳು. ಟೈರು ನೆಲಕ್ಕೆ ಒತ್ತಿ ಉರುಳುವುದರಿಂದ ಬರುವ ತಡೆ ಒಂದು: ಇದು ತೂಕದ ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಸುಮಾರು 200 ನ್ಯೂಟನ್. ಗಾಳಿಯ ತಡೆ ಎರಡನೆಯದು: ನುಣುಪಾಗಿ ರೂಪಿಸಿದ ಈ ಗಾತ್ರದ ಕಾರಿಗೆ ಈ ವೇಗದಲ್ಲಿ ಸುಮಾರು 180 ನ್ಯೂಟನ್. ಎರಡನ್ನೂ ಕೂಡಿಸಿ ವೇಗದಿಂದ ಗುಣಿಸಿದರೆ ಎಂಟೂವರೆ ಕಿಲೋವ್ಯಾಟು ಬರುತ್ತದೆ, ಎಂದರೆ 12 ಅಶ್ವಶಕ್ತಿಗಿಂತ ತುಸು ಕಡಮೆ. ವಾಚಕರು ಇದನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. 258 ಕುದುರೆಗಳಲ್ಲಿ ಗಾಡಿಗೆ ಹೂಡಿರುವುದು 12. ಉಳಿದ 246 ಸುಮ್ಮನೆ ಜೊತೆಗೆ ಬರುತ್ತಿವೆ.

ವೇಗವನ್ನು ಹೆಚ್ಚಿಸಿದರೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದಕ್ಕೆ ಬೇಕಾಗುವ ಶಕ್ತಿ ಘನದಂತೆ ಏರುತ್ತದೆ. ಮಾಲೂರಿನ ಕಡೆಯಿಂದ ಹಾದು ಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಗಂಟೆಗೆ 120 ಕಿಲೋಮೀಟರಿನಂತೆ ಓಡಿಸುವಾಗ ಸುಮಾರು 28 ಅಶ್ವಶಕ್ತಿ ಬೇಕಾದೀತು. ನೂರು ಮೀಟರಿಗೆ ಐದು ಮೀಟರು ಏರುವ ದಿಣ್ಣೆಯನ್ನು ಗಂಟೆಗೆ 60ರಲ್ಲಿ ಹತ್ತುವಾಗಲೂ ಹೆಚ್ಚು ಕಡಮೆ ಅಷ್ಟೇ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪವಿದೆ. ಸಮವೇಗದಲ್ಲಿ ಓಡುವುದಷ್ಟೇ ಕಾರಿನ ಕೆಲಸವಲ್ಲ. ವೇಗೋತ್ಕರ್ಷಕ್ಕೂ ಶಕ್ತಿ ಬೇಕು. ಎದುರಿನಿಂದ ಬಸ್ಸು ಬರುವುದರೊಳಗೆ ಮುಂದಿರುವ ಲಾರಿಯನ್ನು ದಾಟಬೇಕಾದಾಗ ಹೆಚ್ಚುವರಿ ಕುದುರೆಗಳೇ ಪ್ರಾಣ ಉಳಿಸುತ್ತವೆ. ನಿಜ. ಅದನ್ನೂ ಲೆಕ್ಕ ಹಾಕೋಣ. ಇದೇ ಕಾರು 50ರಿಂದ 80ಕ್ಕೆ ನಾಲ್ಕೇ ಸೆಕೆಂಡುಗಳಲ್ಲಿ ಏರಬೇಕಾದರೆ, ಚಲನಶಕ್ತಿಯ ಹೆಚ್ಚಳವನ್ನು ಕಾಲದಿಂದ ಭಾಗಿಸಿ ತಡೆಗಳನ್ನು ಸೇರಿಸಿದರೆ, ಸುಮಾರು 105 ಅಶ್ವಶಕ್ತಿ ಸಾಕಾಗುತ್ತದೆ. ನೂರ ಐವತ್ತು ಇದ್ದರೆ ಧಾರಾಳ. ಅಲ್ಲಿಂದಾಚೆಗಿನದು ಅಲಂಕಾರ. ಜರ್ಮನ್ ಕಾರು ನಿಂತಲ್ಲಿಂದ 100 ಕಿಲೋಮೀಟರು ವೇಗಕ್ಕೆ 6.2 ಸೆಕೆಂಡುಗಳಲ್ಲಿ ಏರುವುದೆಂದು ಕಂಪನಿ ಹೇಳುತ್ತದೆ. ಹಾಗೆ ಏರುವಾಗ ಅದು ಸುಮಾರು 100 ಮೀಟರು ಸಾಗಿರುತ್ತದೆ. ಅನಂತರ ಚಾಲಕನು ಅಪಾಯವನ್ನು ಕಂಡು ಬ್ರೇಕು ಒತ್ತಿ ಪೂರ್ತಿ ನಿಲ್ಲಿಸಲು ಇನ್ನೂ 80 ಮೀಟರಿಗಿಂತ ಹೆಚ್ಚು ಬೇಕು. ಕುರಿಯ ಮಂದೆ, ಮಾವಿನ ಟ್ರಾಕ್ಟರು, ಡೇರಿಗೆ ಹಾಲು ಒಯ್ಯುವ ಸೈಕಲ್ಲು, ಇವುಗಳಲ್ಲಿ ಒಂದೂ ಇಲ್ಲದ 200 ಮೀಟರು ರಸ್ತೆಯನ್ನು ಯಲ್ದೂರು ಹೋಬಳಿಯಲ್ಲಿ ಹಗಲು ಹೊತ್ತು ನನಗೆ ಯಾರಾದರೂ ತೋರಿಸಿದರೆ ನಾನು ಈ ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆ.

ಹಾಗಾದರೆ ಎಂಜಿನನ್ನು ಅಳೆಯುವುದು ಹೇಗೆ? ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲು ಶಾಖ ಅಡಗಿದೆ. ಅದರಲ್ಲಿ ಎಷ್ಟು ಪಾಲು ಚಕ್ರವನ್ನು ತಿರುಗಿಸುವ ಕೆಲಸವಾಗಿ ಹೊರಬರುತ್ತದೆ, ಹೊರಬಂದುದರಲ್ಲಿ ಎಷ್ಟು ಪಾಲನ್ನು ಬ್ರೇಕಿನಲ್ಲಿ ಸುಡುತ್ತೇವೆ? ಕೇಳಬೇಕಾದ ಪ್ರಶ್ನೆಗಳು ಈ ಎರಡು. ಇವುಗಳಿಗೆ ಬಿಡದಿಯ ಕಾರು ಕೊಡುವ ಉತ್ತರ ಸ್ವಾರಸ್ಯವಾದುದು. ಆದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

1876ರಲ್ಲಿ ನಿಕೊಲಾಸ್ ಆಟೊ ಎಂಬ ಜರ್ಮನ್ ಯಂತ್ರತಜ್ಞನು ನಾಲ್ಕು ಹೊಡೆತದ ಎಂಜಿನನ್ನು ಸಿದ್ಧಮಾಡಿದನು. ಪಿಸ್ಟನ್ನು ಕೆಳಗಿಳಿದು ಗಾಳಿಯನ್ನೂ ಇಂಧನವನ್ನೂ ಎಳೆದುಕೊಳ್ಳುವುದು, ಮೇಲೇರಿ ಅದನ್ನು ಅದುಮುವುದು, ಉರಿದ ಅನಿಲ ಪಿಸ್ಟನ್ನನ್ನು ಕೆಳಕ್ಕೆ ನೂಕುವುದು, ಕೊನೆಗೆ ಪಿಸ್ಟನ್ನು ಹೊಗೆಯನ್ನು ಹೊರದಬ್ಬುವುದು. ಇಂದಿನ ಪೆಟ್ರೋಲ್ ಕಾರುಗಳೆಲ್ಲ ಹೆಚ್ಚು ಕಡಮೆ ಇವನ ಮಕ್ಕಳೇ. ಆದರೆ ಈ ಚಕ್ರದಲ್ಲಿ ಒಂದು ಲೋಪವಿದೆ. ಅದುಮುವಾಗ ಪಿಸ್ಟನ್ನು ಎಷ್ಟು ದೂರ ಸಾಗಿತೋ ನೂಕುವಾಗಲೂ ಅಷ್ಟೇ ದೂರ ಸಾಗುತ್ತದೆ. ಉರಿದ ಅನಿಲವೋ ಅದುಮುವ ಮುಂಚಿನ ಅನಿಲಕ್ಕಿಂತ ಬಹಳ ಬಿಸಿಯಾಗಿದೆ. ಅದು ಇನ್ನೂ ಹಿಗ್ಗಿ ಇನ್ನೂ ಕೆಲಸ ಮಾಡಬಲ್ಲುದು. ಆದರೆ ಪಿಸ್ಟನ್ನಿನ ದಾರಿ ಮುಗಿದಿದೆ. ಬಾಗಿಲು ತೆರೆಯುತ್ತದೆ, ಒತ್ತಡವೆಲ್ಲ ಹೊಗೆಕೊಳವೆಯಲ್ಲಿ ಸದ್ದಾಗಿ ಹೋಗುತ್ತದೆ. ಕಬ್ಬನ್ನು ಗಾಣಕ್ಕೆ ಒಂದೇ ಸಲ ಕೊಟ್ಟು, ಇನ್ನೂ ಹಾಲು ತೊಟ್ಟಿಕ್ಕುತ್ತಿರುವ ಸಿಪ್ಪೆಯನ್ನು ಎಸೆದಂತೆ.

ಜೇಮ್ಸ್ ಅಟ್ಕಿನ್ಸನ್ ಎಂಬ ಇಂಗ್ಲಿಷ್ ಯಂತ್ರತಜ್ಞನು 1880ರ ದಶಕದಲ್ಲಿ ಇದಕ್ಕೆ ಪರಿಹಾರ ಕಂಡನು. ಅವನ ಎಂಜಿನಿನಲ್ಲಿ ಸನ್ನೆಕೋಲುಗಳ ಒಂದು ಜೋಡಣೆಯಿಂದ ಪಿಸ್ಟನ್ನು ಅದುಮುವಾಗ ಕಡಮೆ ದೂರವನ್ನೂ ಅನಿಲ ಹಿಗ್ಗುವಾಗ ಹೆಚ್ಚು ದೂರವನ್ನೂ ಸಾಗುತ್ತಿತ್ತು. ಆಟೊನ ಎಂಜಿನಿಗಿಂತ ಇಂಧನ ಕಡಮೆ ಸಾಕಾಗುತ್ತಿತ್ತು. ಆದರೆ ಕೋಲುಗಳ ಗೊಂದಲ ಬಹಳ, ಗಾತ್ರಕ್ಕೆ ತಕ್ಕ ಬಲವಿಲ್ಲ. ಆದಕಾರಣ ಅದು ಮೂಲೆಗೆ ಬಿದ್ದಿತು. ನೂರು ವರ್ಷಗಳ ಮೇಲೆ, 1997ರಲ್ಲಿ, ಟೊಯೋಟಾ ಕಂಪನಿಯ ಪ್ರಿಯಸ್ ಕಾರಿನಲ್ಲಿ ಅದೇ ವಿಚಾರ ಬೇರೆ ವೇಷದಲ್ಲಿ ಮರಳಿ ಬಂದಿತು. ಸನ್ನೆಕೋಲುಗಳಿಲ್ಲ, ಗಾಳಿ ಒಳಬರುವ ಬಾಗಿಲನ್ನು ತಡವಾಗಿ ಮುಚ್ಚುವುದಷ್ಟೇ ಉಪಾಯ. ಪಿಸ್ಟನ್ನು ಮೇಲೇರಲು ತೊಡಗಿದ ಮೇಲೂ ಬಾಗಿಲು ತೆರೆದಿರುವುದರಿಂದ ಎಳೆದುಕೊಂಡ ಗಾಳಿಯಲ್ಲಿ ಒಂದು ಪಾಲು ಹಿಂದಕ್ಕೆ ಹೋಗುತ್ತದೆ. ಉಳಿದುದನ್ನು ಮಾತ್ರ ಅದುಮಿ ಉರಿಸುತ್ತಾರೆ. ಹಿಗ್ಗುವಾಗ ಮಾತ್ರ ಪೂರ್ತಿ ದಾರಿ ಸಿಗುತ್ತದೆ.

ಕ್ಯಾಮ್ರಿಯ ಎಂಜಿನು ಈ ಬಗೆಯದು. ಅದರ ಸಿಲಿಂಡರುಗಳ ಒಟ್ಟು ಗಾತ್ರ 2487 ಸಿ.ಸಿ.; ಹಿಗ್ಗುವ ಪ್ರಮಾಣ ಒಂದಕ್ಕೆ ಹದಿನಾಲ್ಕು. ಶಾಖದಲ್ಲಿ ನೂರಕ್ಕೆ 41 ಪಾಲಿನವರೆಗೆ ಕೆಲಸವಾಗಿ ಪರಿವರ್ತನೆಯಾಗುವುದೆಂದು ತಯಾರಕರ ಹೇಳಿಕೆ. ಪೆಟ್ರೋಲ್ ಎಂಜಿನಿನ ಮಟ್ಟಿಗೆ ಇದು ದೊಡ್ಡ ಮಾತು. 41 ಎಂಬುದು ಅತ್ಯುತ್ತಮ ಸ್ಥಿತಿಯ ಅಂಕಿಯೆಂಬುದನ್ನು ಮಾತ್ರ ಮರೆಯಬಾರದು. ಇದಕ್ಕೆ ತೆತ್ತ ಬೆಲೆಯೂ ಇದೆ. 2019ರ ಮಾದರಿಯಲ್ಲಿ ಈ ಎರಡೂವರೆ ಲೀಟರಿನ ಎಂಜಿನು ಕೊಡುತ್ತಿದ್ದುದು 178 ಅಶ್ವಶಕ್ತಿ. ಜರ್ಮನ್ ಕಾರಿನ ಎಂಜಿನು ಎರಡೇ ಲೀಟರಿನದು. ಹೊಗೆಯ ಒತ್ತಡದಿಂದ ತಿರುಗುವ ಟರ್ಬೊ ಎಂಬ ಬೀಸಣಿಗೆ ಅದಕ್ಕೆ ಗಾಳಿಯನ್ನು ತುರುಕುವುದರಿಂದ 258 ಕೊಡುತ್ತದೆ. ಪುಸ್ತಿಕೆಯನ್ನು ಮಾತ್ರ ನೋಡುವವನಿಗೆ ಮೊದಲನೆಯದು ದೊಡ್ಡ ಹೊಟ್ಟೆಯ ಸೋಮಾರಿಯಂತೆ ಕಾಣುತ್ತದೆ. ಅದು ದೊಡ್ಡದಾಗಿರುವುದು ಮಿತವ್ಯಯಕ್ಕಾಗಿ ಎಂಬುದನ್ನು ಹೇಳುವವರು ಯಾರು?

ಅಟ್ಕಿನ್ಸನ್ ಎಂಜಿನಿನ ಕೊರತೆ ಕಾಣುವುದು ನಿಂತ ಗಾಡಿ ಹೊರಡುವಾಗ. ಅಲ್ಲಿ ವಿದ್ಯುತ್ ಮೋಟಾರು ಕೈಹಿಡಿಯುತ್ತದೆ, ಏಕೆಂದರೆ ಮೋಟಾರು ಸುತ್ತು ಆರಂಭವಾದ ಗಳಿಗೆಯಲ್ಲಿಯೇ ತನ್ನ ಪೂರ್ತಿ ತಿರುಗುಬಲವನ್ನು ಕೊಡಬಲ್ಲುದು. ಎಂಜಿನು, ಮೋಟಾರು, ಇನ್ನೊಂದು ವಿದ್ಯುಜ್ಜನಕ ಇವು ಮೂರನ್ನೂ ಸೂರ್ಯನ ಸುತ್ತ ಗ್ರಹಗಳಿರುವಂತೆ ಜೋಡಿಸಿದ ಹಲ್ಲುಗಾಲಿಗಳ ಒಂದು ಗುಂಪು ಒಂದುಗೂಡಿಸುತ್ತದೆ. ಯಾವಾಗ ಯಾವುದು ಎಷ್ಟು ದುಡಿಯಬೇಕೆಂಬುದನ್ನು ಗಣಕ ನಿರ್ಣಯಿಸುತ್ತದೆ. ಪುಸ್ತಿಕೆಯ ಒಂದು ಒಗಟನ್ನು ಇಲ್ಲಿಯೇ ಬಿಡಿಸಬಹುದು. 2019ರ ಮಾದರಿಯಲ್ಲಿ ಎಂಜಿನು 178, ಮೋಟಾರು 120. ಕೂಡಿದರೆ 298 ಆಗಬೇಕು. ಅಚ್ಚಾಗಿದ್ದುದು 218. ಮುದ್ರಣದ ತಪ್ಪಲ್ಲ. ಇಬ್ಬರು ತಮ್ಮ ತಮ್ಮ ಪರಮ ಬಲವನ್ನು ತೋರಿಸುವುದು ಒಂದೇ ಗಳಿಗೆಯಲ್ಲಲ್ಲ. ಅದೂ ಅಲ್ಲದೆ ಮೋಟಾರು ಎಷ್ಟೇ ಗಟ್ಟಿಯಾಗಿದ್ದರೂ ಬ್ಯಾಟರಿ ಕೊಟ್ಟಷ್ಟೇ ಅದಕ್ಕೆ ಊಟ. 2024ರ ಡಿಸೆಂಬರಿನಲ್ಲಿ ಬಂದ ಹೊಸ ಮಾದರಿಯಲ್ಲಿ ನಿಕೆಲ್ ಬ್ಯಾಟರಿಯ ಬದಲು ಲಿಥಿಯಂ ಬ್ಯಾಟರಿ ಇದೆ. ಒಟ್ಟು ಶಕ್ತಿ 230 ಆಗಿದೆ.

ಎರಡನೆಯ ಪ್ರಶ್ನೆ ಬ್ರೇಕಿನದು. ಗಂಟೆಗೆ 60ರಲ್ಲಿ ಓಡುವ ನಮ್ಮ 1900 ಕಿಲೋಗ್ರಾಂ ಕಾರಿನಲ್ಲಿರುವ ಚಲನಶಕ್ತಿ ಸುಮಾರು 264 ಕಿಲೋಜೂಲು. ಒಂದು ಟನ್ನು ಮಾವನ್ನು 27 ಮೀಟರು ಎತ್ತರಕ್ಕೆ, ಎಂದರೆ ಎಂಟಂತಸ್ತಿನ ಕಟ್ಟಡದ ಮೇಲಕ್ಕೆ, ಎತ್ತಬಲ್ಲ ಶಕ್ತಿ ಅದು. ಬ್ರೇಕು ಒತ್ತಿದಾಗ ಅದೆಲ್ಲ ಚಕ್ರದ ಬಳಿಯ ಕಬ್ಬಿಣದ ತಟ್ಟೆಗಳನ್ನು ಕಾಯಿಸಿ ಗಾಳಿಗೆ ಹೋಗುತ್ತದೆ. ಪೇಟೆಯ ಓಡಾಟದಲ್ಲಿ ಸಾಮಾನ್ಯ ಕಾರು ಪೆಟ್ರೋಲಿನ ಶಾಖದಲ್ಲಿ ಕಾಲು ಭಾಗವನ್ನು ಚಕ್ರಕ್ಕೆ ತಲುಪಿಸುತ್ತದೆಂದು ಹಿಡಿದರೆ, ಇಂಥ ಒಂದು ನಿಲುಗಡೆಗೆ 33 ಮಿಲಿಲೀಟರು ಪೆಟ್ರೋಲು ವ್ಯರ್ಥ. ಮೂವತ್ತು ನಿಲುಗಡೆಗೆ ಒಂದು ಲೀಟರು. ಮಿಶ್ರ ಕಾರಿನಲ್ಲಿ ನಿಧಾನಿಸುವಾಗ ಮೋಟಾರೇ ವಿದ್ಯುಜ್ಜನಕವಾಗಿ ತಿರುಗಿ ಈ ಶಕ್ತಿಯ ದೊಡ್ಡ ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ನಮ್ಮ ಹಿರಿಯರ ಕಪಿಲೆ ಬಾವಿಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ನೀರೆಳೆಯುತ್ತಿದ್ದುವು. ಇಳಿಯುವ ತೂಕವನ್ನೂ ಕೆಲಸಕ್ಕೆ ಹಚ್ಚುವ ಆ ಜಾಣತನಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ. ಉಬ್ಬು, ತಿರುವು, ಸಂತೆ, ರೈಲ್ವೆ ಗೇಟು ಹೆಚ್ಚಿದಷ್ಟೂ ಮಿಶ್ರ ಕಾರಿನ ಮೇಲುಗೈ ಹೆಚ್ಚು. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವವನಿಗೆ ಬ್ಯಾಟರಿಯಿಂದ ದೊಡ್ಡ ಲಾಭವಿಲ್ಲ. ಅಲ್ಲಿ ಉಳಿತಾಯವಾಗುವುದು ಅಟ್ಕಿನ್ಸನನ ಪುಣ್ಯದಿಂದ ಮಾತ್ರ.

ಹೊಸ ಮಾದರಿ ಲೀಟರಿಗೆ 25.49 ಕಿಲೋಮೀಟರು ಓಡುವುದೆಂದು ಅಧಿಕೃತ ಅಂಕಿ ಹೇಳುತ್ತದೆ. ಈ ಅಂಕಿ ಬರುವುದು ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ಕ್ರಮದಲ್ಲಿ, 90 ಕಿಲೋಮೀಟರು ಮೀರದ ವೇಗದಲ್ಲಿ ಓಡಿಸುವ ಪರೀಕ್ಷೆಯಿಂದ. ಒಂದು ಕಾರನ್ನು ಇನ್ನೊಂದಕ್ಕೆ ಹೋಲಿಸಲು ಇದು ಪ್ರಯೋಜನಕಾರಿ. ನಿಮ್ಮ ಪೆಟ್ರೋಲಿನ ಖರ್ಚನ್ನು ಮುನ್ನುಡಿಯಲು ಅಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥೆನಾಲ್ ಸೇರಿರುವುದರಿಂದ ಲೀಟರಿನ ಶಾಖವೂ ನೂರಕ್ಕೆ ಏಳರಷ್ಟು ಕಡಮೆ.

ಇನ್ನು ಕಾರಿನ ಒಳಗಿನ ಸಂಗತಿ. ಇಂಥ ಕಾರನ್ನು ಕೊಳ್ಳುವವರಲ್ಲಿ ಬಹುಮಂದಿ ಹಿಂದಿನ ಆಸನದಲ್ಲಿ ಕೂರುವವರು. ಆದುದರಿಂದ ಚರ್ಮದ ಹೊದಿಕೆ, ಹಿಂದಕ್ಕೆ ಒರಗುವ ಬೆನ್ನು, ಕಿಟಕಿಯ ಪರದೆ, ಇವುಗಳ ವರ್ಣನೆ ಪುಸ್ತಿಕೆಯ ಅರ್ಧವನ್ನು ತುಂಬಿದೆ. ಭೌತವಿಜ್ಞಾನಿಗೆ ಸುಖವೆಂದರೆ ಕಂಪನದ ಪ್ರಶ್ನೆ. ಕುಳಿತ ಮನುಷ್ಯನ ದೇಹಕ್ಕೆ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಆಗುವ ಅಲುಗಾಟ ಎಲ್ಲಕ್ಕಿಂತ ಹೆಚ್ಚು ಬಾಧೆ ಕೊಡುತ್ತದೆ, ಏಕೆಂದರೆ ಹೊಟ್ಟೆಯೂ ಬೆನ್ನೂ ಅದಕ್ಕೆ ಅನುರಣಿಸುತ್ತವೆ. ಎತ್ತಿನ ಗಾಡಿಯ ಪ್ರಯಾಣ ಮುಗಿಸಿ ಇಳಿದವರು ಸೊಂಟ ಹಿಡಿದುಕೊಳ್ಳುತ್ತಿದ್ದುದು ಇದರಿಂದ. ಒಳ್ಳೆಯ ಕಾರಿನ ಸ್ಪ್ರಿಂಗುಗಳು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುವಂತೆ ಅಳವಟ್ಟಿರುತ್ತವೆ. ನಡೆಯುವಾಗ ಆಗುವ ಏರಿಳಿತಕ್ಕೆ ಇದು ಹತ್ತಿರವಾದುದರಿಂದ ನಮ್ಮ ದೇಹ ಇದನ್ನು ಸಹಿಸುತ್ತದೆ. ಎಂಜಿನು ನಿಂತು ಮೋಟಾರು ಮಾತ್ರ ಓಡುವಾಗ ಮಿಶ್ರ ಕಾರಿನ ಒಳಗೆ ಬರುವ ನಿಶ್ಶಬ್ದ ನಿಜವಾಗಿಯೂ ಸುಖಕರ. ಆದರೆ ಎಂಜಿನಿನ ಸದ್ದು ಇಲ್ಲವಾದೊಡನೆ ಟೈರಿನ ಸದ್ದು ಕಿವಿಗೆ ಬೀಳತೊಡಗುತ್ತದೆ, ಜಾತ್ರೆ ಮುಗಿದ ರಾತ್ರಿ ಗಡಿಯಾರದ ಟಿಕ್ ಟಿಕ್ ಕೇಳಿಸುವ ಹಾಗೆ. ತಂಪು ಯಂತ್ರವನ್ನು ವಿದ್ಯುತ್ತೇ ನಡೆಸುವುದರಿಂದ ಬೇಸಗೆಯಲ್ಲಿ ಎಂಜಿನು ನಿಂತಿದ್ದಾಗಲೂ ಒಳಗೆ ತಂಪಾಗಿರುತ್ತದೆ; ಇದು ಸಣ್ಣ ಮಾತಲ್ಲ. ಮುಂದುಗಡೆ 12.3 ಅಂಗುಲದ ಗಾಜಿನ ಪರದೆ ಇದೆ. ಬೆರಳು ತಡವಿ ಹುಡುಕಬಹುದಾದ ತಿರುಪಿಗಿಂತ ಕಣ್ಣಿಟ್ಟು ಹುಡುಕಬೇಕಾದ ಪರದೆ ಹೇಗೆ ಪ್ರಗತಿಯೋ ನನಗೆ ತಿಳಿಯದು. ಈ ವ್ಯಾಮೋಹ ಈಗ ಎಲ್ಲ ಕಾರುಗಳಿಗೂ ಅಂಟಿದೆ.

ನಮ್ಮ ಯಜಮಾನರಿಗೆ ಇವುಗಳಿಗಿಂತ ದೊಡ್ಡ ಚಿಂತೆಯೊಂದಿತ್ತು. "ಹೊಟ್ಟೆ ತಾಗುತ್ತಾ ಮೇಷ್ಟ್ರೇ?" ಎಂದು ಕೇಳಿದರು. ಅವರ ದಾರಿಯಲ್ಲಿ ಶಾಲೆಯೊಂದರ ಮುಂದೆ ರಸ್ತೆಯುಬ್ಬು ಇದೆ. ಉದ್ದನೆಯ, ತಗ್ಗಾದ ಕಾರುಗಳು ಅಲ್ಲಿ ಹೊಟ್ಟೆ ಉಜ್ಜಿ ಹೋಗುತ್ತವೆ. ಕಪ್ಪು ಡಾಂಬರಿನ ಮೇಲೆ ಗೀರುಗಳು ಕಾಣುತ್ತವೆ.

ಇದರ ರೇಖಾಗಣಿತ ನೋಡಲು ತಕ್ಕದ್ದು. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಉಬ್ಬು 17 ಮೀಟರು ತ್ರಿಜ್ಯದ ವೃತ್ತದ ತುಂಡಿನಂತಿರಬೇಕು, ಅಗಲ 3.7 ಮೀಟರು, ನಡುವಿನ ಎತ್ತರ 10 ಸೆಂಟಿಮೀಟರು. ಕ್ಯಾಮ್ರಿಯ ಮುಂದಿನ ಹಿಂದಿನ ಚಕ್ರಗಳ ನಡುವಣ ದೂರ 2.825 ಮೀಟರು. ಉಬ್ಬು ಅದಕ್ಕಿಂತ ಅಗಲವಾಗಿರುವುದರಿಂದ ಕಾರು ನಟ್ಟನಡುವೆ ಇರುವಾಗ ನಾಲ್ಕು ಚಕ್ರಗಳೂ ಉಬ್ಬಿನ ಮೇಲೆಯೇ ಏರಿ ನಿಂತಿರುತ್ತವೆ. ಚಕ್ರಗಳ ಮಟ್ಟದಿಂದ ಉಬ್ಬಿನ ನೆತ್ತಿ ಆಗ ಎಷ್ಟು ಎತ್ತರ? ಜ್ಯಾ ಮತ್ತು ತ್ರಿಜ್ಯಗಳ ಸಂಬಂಧದಿಂದ ಶಾಲೆಯ ಹುಡುಗರೂ ಹೇಳಬಲ್ಲರು: 6 ಸೆಂಟಿಮೀಟರಿಗಿಂತ ಕಡಮೆ. ಯಾವ ಕಾರೂ ತಾಗದು. ಅದೇ 10 ಸೆಂಟಿಮೀಟರು ಎತ್ತರವನ್ನು ಒಂದು ಮಾರಿನಷ್ಟೂ ಅಗಲವಿಲ್ಲದ ದಿಬ್ಬವಾಗಿ ಹಾಕಿದರೆ, ಮುಂದಿನ ಚಕ್ರ ಇಳಿದು ಹಿಂದಿನ ಚಕ್ರ ಏರದಿರುವ ಗಳಿಗೆಯಲ್ಲಿ ಹತ್ತೂ ಸೆಂಟಿಮೀಟರು ಹೊಟ್ಟೆಯ ಕೆಳಗೆ ನಿಲ್ಲುತ್ತದೆ. ಇಂಥ ಕಡೆ ಎತ್ತರವೂ ಹತ್ತಕ್ಕೆ ನಿಲ್ಲುವುದಿಲ್ಲ. ಹಿಂದೆ ಮೂರು ಜನ ಕುಳಿತು ಸ್ಪ್ರಿಂಗು ಕುಗ್ಗಿದ್ದರೆ ಮುಗಿಯಿತು. ನಿಯಮದ ಉಬ್ಬಿನ ಮೇಲೆ ಗಂಟೆಗೆ 25 ಕಿಲೋಮೀಟರಿನಂತೆ ಹಾಯಾಗಿ ದಾಟಬಹುದು, ಅದಕ್ಕಿಂತ ವೇಗವಾದರೆ ಮಾತ್ರ ಪೆಟ್ಟು. ಇಕ್ಕಟ್ಟಾದ ದಿಬ್ಬ ನಿಧಾನವಾಗಿ ಹೋಗುವವನನ್ನೂ ದಂಡಿಸುತ್ತದೆ. ಗರ್ಭಿಣಿಯನ್ನು ಕೂರಿಸಿಕೊಂಡ ಆಟೋವನ್ನೂ ಸ್ಕೂಟರಿನ ಮುದುಕರನ್ನೂ ಇನ್ನೂ ಹೆಚ್ಚು ದಂಡಿಸುತ್ತದೆ. ಲಕ್ಷಾಂತರ ರೂಪಾಯಿನ ಕಾರಿನ ಯೋಗ್ಯತೆಯನ್ನು ಕೆಲವು ಬುಟ್ಟಿ ಡಾಂಬರು ತೀರ್ಮಾನಿಸುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ತೆರಿಗೆಯ ವಿಷಯದಲ್ಲಿಯೂ ಅಳತೆಗೋಲು ತಪ್ಪಾಗಿದೆಯೆಂದು ನನಗೆ ತೋರುತ್ತದೆ. 2025ರ ಸೆಪ್ಟೆಂಬರು 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಲ್ಲಿ, 1200 ಸಿ.ಸಿ. ಒಳಗಿನ, ನಾಲ್ಕು ಮೀಟರು ಮೀರದ ಪೆಟ್ರೋಲ್ ಕಾರಿಗೆ ನೂರಕ್ಕೆ 18. ಅದಕ್ಕಿಂತ ದೊಡ್ಡದಕ್ಕೆ 40. ದೊಡ್ಡ ಮಿಶ್ರ ಕಾರಿಗೂ ಅದೇ 40. ಪೂರ್ತಿ ವಿದ್ಯುತ್ತಿನ ಕಾರಿಗೆ 5. ಸಿರಿವಂತರ ಕಾರಿಗೆ ತೆರಿಗೆ ಇಳಿಸಬೇಕೆಂದು ನಾನು ವಾದಿಸುತ್ತಿಲ್ಲ, ಕೊಳ್ಳಬಲ್ಲವರು ಕೊಡಲಿ. ಆದರೆ ಸಿಲಿಂಡರಿನ ಗಾತ್ರದಿಂದ ಇಂಧನದ ಖರ್ಚನ್ನು ಅಳೆಯುವುದು ಪಾತ್ರೆಯ ಗಾತ್ರ ನೋಡಿ ಊಟದ ಪ್ರಮಾಣ ಹೇಳಿದಂತೆ. ಅಟ್ಕಿನ್ಸನ್ ಎಂಜಿನಿನ ಸಿಲಿಂಡರು ದೊಡ್ಡದು, ಊಟ ಕಡಮೆ. ಉದ್ದದ ಅಳತೆಯ ಫಲವಂತೂ ಎಲ್ಲರ ಕಣ್ಣಮುಂದಿದೆ: ನಾಲ್ಕು ಮೀಟರಿನೊಳಗೆ ತುರುಕಲು ಬಾಲ ಕತ್ತರಿಸಿದ ಸೆಡಾನುಗಳು ನಮ್ಮ ಬೀದಿಗಳಲ್ಲಿ ಎಷ್ಟು ಓಡಾಡುತ್ತಿಲ್ಲ! ಕಿಲೋಮೀಟರಿಗೆ ಎಷ್ಟು ಮಿಲಿಲೀಟರು ಸುಡುತ್ತದೆಂಬುದನ್ನೇ ಅಳೆದು ಅದರ ಮೇಲೆ ತೆರಿಗೆ ಹಾಕಿದರೆ ತಯಾರಕರ ಜಾಣತನ ಸರಿಯಾದ ಕಡೆಗೆ ತಿರುಗೀತು. ಇದರಿಂದ ಮುಖ್ಯವಾಗಿ ಲಾಭವಾಗುವುದು 48 ಲಕ್ಷದ ಕಾರಿಗಲ್ಲ. ಅದೇ ಬಿಡದಿಯಲ್ಲಿ 2022ರಿಂದ ಒಂದೂವರೆ ಲೀಟರಿನ ಎಂಜಿನಿಟ್ಟು ಮಿಶ್ರ ಯಂತ್ರದ ಸಣ್ಣ ಕಾರುಗಳನ್ನು ಮಾಡುತ್ತಿದ್ದಾರೆ. ಸಾಮಾನ್ಯ ಮಧ್ಯಮ ವರ್ಗದವರ ಕೈಗೆ ಈ ವಿದ್ಯೆ ತಲುಪುವುದು ಅವುಗಳ ಮೂಲಕ.

ಯಜಮಾನರಿಗೆ ನಾನು ಕೊಟ್ಟ ಉತ್ತರ ಇಷ್ಟು. ನೀವೇ ಚಕ್ರ ಹಿಡಿದು, ಖಾಲಿ ಹೆದ್ದಾರಿಯಲ್ಲಿ ವೇಗದ ಸಂತೋಷವನ್ನು ಅನುಭವಿಸುವವರಾದರೆ ಜರ್ಮನ್ ಕಾರು ಒಳ್ಳೆಯ ಯಂತ್ರವೇ ಸರಿ. ಡ್ರೈವರನ್ನು ಮುಂದೆ ಕೂರಿಸಿ ಹಿಂದೆ ಕುಳಿತು ಯಲ್ದೂರಿನಿಂದ ಶ್ರೀನಿವಾಸಪುರ, ಕೋಲಾರಗಳನ್ನು ದಾಟಿ ಬೆಂಗಳೂರಿನ ಗೊಂದಲದೊಳಕ್ಕೆ ಹೋಗಿ ಬರುವವರಾದರೆ ಬಿಡದಿಯದು ನಿಮಗೆ ಹೆಚ್ಚು ಒಪ್ಪುತ್ತದೆ. ಪೆಟ್ರೋಲು ಉಳಿಯುತ್ತದೆಂದು ಮಾತ್ರ ಕೊಳ್ಳಬೇಡಿ. ವರ್ಷಕ್ಕೆ 20,000 ಕಿಲೋಮೀಟರು ಓಡಾಡಿ, ಲೀಟರಿಗೆ 12ರ ಬದಲು 20 ಕಿಲೋಮೀಟರು ಬಂದರೂ ಉಳಿಯುವುದು 660 ಲೀಟರು ಚಿಲ್ಲರೆ. ಲೀಟರಿಗೆ ನೂರು ರೂಪಾಯಿಯಂತೆ ಅರವತ್ತಾರು ಸಾವಿರ. ನಲವತ್ತೆಂಟು ಲಕ್ಷವನ್ನು ನೂರಕ್ಕೆ ಏಳರ ಬಡ್ಡಿಗೆ ಇಟ್ಟರೆ ವರ್ಷಕ್ಕೆ ಮೂರು ಲಕ್ಷದ ಮೂವತ್ತಾರು ಸಾವಿರ. ಇದು ಮೇಷ್ಟರಿಗಿಂತ ಮಂಡಿಯವರಿಗೆ ಬೇಗ ತಿಳಿಯುವ ಲೆಕ್ಕ.

ಕೊನೆಗೆ ಒಂದು ಪ್ರಯೋಗವನ್ನೂ ಹೇಳಿಕೊಟ್ಟೆ. ಯಾವ ಕಾರನ್ನು ನೋಡಲು ಹೋದರೂ, ಸಮತಟ್ಟಾದ, ನಿರ್ಜನವಾದ, ನೇರವಾದ ರಸ್ತೆಯಲ್ಲಿ ಗಂಟೆಗೆ 60ಕ್ಕೆ ಏರಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಬ್ರೇಕು ಮುಟ್ಟದೆ, ವೇಗ 50ಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಪಕ್ಕದಲ್ಲಿ ಕುಳಿತವರು ಗಡಿಯಾರ ನೋಡಿ ಗುರುತಿಸಲಿ. ಹೋದ ದಾರಿಯಲ್ಲಿಯೇ ತಿರುಗಿ ಬರುವಾಗ ಇನ್ನೊಮ್ಮೆ ಮಾಡಿ, ಎರಡರ ಸರಾಸರಿ ಹಿಡಿಯಲಿ. ಕಣ್ಣಿಗೆ ಕಾಣದ ಇಳಿಜಾರೂ ಗಾಳಿಯೂ ಅದರಲ್ಲಿ ಕಳೆದುಹೋಗುತ್ತವೆ. ನನ್ನ ಲೆಕ್ಕದ ಪ್ರಕಾರ ಈ ಗಾತ್ರದ ಒಳ್ಳೆಯ ಕಾರಿಗೆ ಸುಮಾರು 18 ಸೆಕೆಂಡು ಬರಬೇಕು. ಕಾಲ ಹೆಚ್ಚಿದಷ್ಟೂ ಟೈರೂ ರೂಪವೂ ಚೆನ್ನಾಗಿವೆಯೆಂದು ಅರ್ಥ. ಪುಸ್ತಿಕೆಯಲ್ಲಿ ಅಚ್ಚಾಗದ ಈ ಅಂಕಿ, ಅಚ್ಚಾಗಿರುವ ಯಾವ ಅಂಕಿಗಿಂತಲೂ ಹೆಚ್ಚನ್ನು ಹೇಳುತ್ತದೆ.

ಯಜಮಾನರು ಇನ್ನೂ ಕಾರು ಕೊಂಡಿಲ್ಲ. ಪುಸ್ತಿಕೆಗಳನ್ನು ನನ್ನಲ್ಲಿಯೇ ಬಿಟ್ಟು ಹೋದರು. ಮೂರು ದಿನದ ಮೇಲೆ ಮತ್ತೆ ಬಂದು, ಶಾಲೆಯ ಮುಂದಿನ ಉಬ್ಬನ್ನು ನಿಯಮದಂತೆ 3.7 ಮೀಟರು ಅಗಲಕ್ಕೆ ಮಾಡಿಕೊಡಬೇಕೆಂದು ಸಂಬಂಧಪಟ್ಟವರಿಗೆ ಒಂದು ಅರ್ಜಿ ಬರೆದುಕೊಡಿ ಎಂದು ಕೇಳಿದರು. ನಕ್ಷೆಸಮೇತ ಬರೆದುಕೊಟ್ಟಿದ್ದೇನೆ.